ಫುಟ್‌ಬಾಲ್: ಹೆಸರು ಉಳಿಯಿತು, ಜಾಗ ಬದಲಾಯಿತು

1953ರ ನವೆಂಬರ್ 25. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಹ್ಯಾರಿ ಜಾನ್‌ಸ್ಟನ್ ಇಕ್ಕಟ್ಟಿಗೆ ಸಿಕ್ಕಿದ್ದರು. ಅವರು ಕಾಯಬೇಕಾಗಿದ್ದುದು ಹಂಗೆರಿಯ 9ನೇ ಸಂಖ್ಯೆಯ ಆಟಗಾರ ಹಿಡೆಗ್‌ಕುಟಿಯನ್ನು. 9 ಎಂದರೆ ಸೆಂಟರ್ ಫಾರ್ವರ್ಡ್, ಎದುರಾಳಿಯ ಗೋಲಿನ ಬಳಿ ಇರಬೇಕಾದವನು. ಹಿಡೆಗ್‌ಕುಟಿಯೋ ಮೈದಾನದ ನಡುವಿಗೆ ಸರಿದು ಆಡುತ್ತಿದ್ದರು. ಬೆನ್ನಟ್ಟಿದರೆ ಗೋಲಿನ ಮುಂದೆ ಜಾಗ ತೆರವು. ನಿಂತಲ್ಲೇ ನಿಂತರೆ ಹಿಡೆಗ್‌ಕುಟಿಗೆ ತಡೆಯೇ ಇಲ್ಲ. ಅವರೊಬ್ಬರೇ ಮೂರು ಗೋಲು ಹೊಡೆದರು. ಇಂಗ್ಲೆಂಡ್ 3–6ರಿಂದ ಸೋತಿತು.

ಈ ಗೊಂದಲಕ್ಕೆ ಹಳೆಯ ಇತಿಹಾಸವಿದೆ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 1863ರಲ್ಲಿ ರೂಪಿಸಿದ ಮೊದಲ ನಿಯಮಗಳಲ್ಲಿ ಗೋಲ್‌ಕೀಪರನ ಪ್ರಸ್ತಾಪವೇ ಇರಲಿಲ್ಲ. ಆತ ನಿಯಮದೊಳಗೆ ಬಂದದ್ದು 1871ರಲ್ಲಿ. 1880ರ ದಶಕದಲ್ಲಿ ಉಳಿದ ಹತ್ತು ಮಂದಿಯನ್ನು ಮೂರು ಸಾಲಾಗಿ ನಿಲ್ಲಿಸುವ ಕ್ರಮ ಬಳಕೆಗೆ ಬಂತು: ಹಿಂದೆ ಇಬ್ಬರು ಬ್ಯಾಕ್, ನಡುವೆ ಮೂವರು ಹಾಫ್‌ಬ್ಯಾಕ್, ಮುಂದೆ ಐವರು ಫಾರ್ವರ್ಡ್. ನಡುಸಾಲಿನ ಮಧ್ಯದವನೇ ಸೆಂಟರ್ ಹಾಫ್. ಮುಂದೆ ಅಂಗಿಯ ಮೇಲೆ ಸಂಖ್ಯೆ ಬಂದಾಗ ಇದೇ ಕ್ರಮದಲ್ಲಿ ಎಣಿಸಿದರು: ಗೋಲ್‌ಕೀಪರ್ 1, ಸೆಂಟರ್ ಹಾಫ್ 5, ಸೆಂಟರ್ ಫಾರ್ವರ್ಡ್ 9.

ಭಾರತದಲ್ಲಿ ಐವರ ಮುನ್ಪಡೆಗೆ ಹೆಸರಾದದ್ದು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವರು’. 1950ರ ಆಸುಪಾಸಿನಲ್ಲಿ ಮೆರೆದ ಆ ಐವರಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಒಬ್ಬರು.

ಅಷ್ಟರಲ್ಲಾಗಲೇ ಇಂಗ್ಲೆಂಡಿನಲ್ಲಿ ಈ ವ್ಯವಸ್ಥೆ ಬದಲಾಗಿತ್ತು. ಚೆಂಡು ಪಡೆಯುವವನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಮೂವರಾದರೂ ಇರಬೇಕೆಂಬ ಆಫ್‌ಸೈಡ್ ನಿಯಮವನ್ನು 1925ರಲ್ಲಿ ಇಬ್ಬರಿಗೆ ಇಳಿಸಲಾಯಿತು. ಗೋಲುಗಳ ಸುರಿಮಳೆಯಾಯಿತು. ಅದನ್ನು ತಡೆಯಲು ಆರ್ಸೆನಲ್ ತಂಡದ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಸೆಂಟರ್ ಹಾಫನನ್ನು ಇಬ್ಬರು ಬ್ಯಾಕ್‌ಗಳ ನಡುವೆ ನಿಲ್ಲಿಸಿದರು. ಉಳಿದ ತಂಡಗಳೂ ಅನುಸರಿಸಿದವು. ನಡುಸಾಲಿನವನು ಕಾವಲುಗಾರನಾದ. ಆದರೂ ‘ಹಾಫ್’ ಎಂಬ ಹೆಸರು ಹೋಗಲಿಲ್ಲ.

ಜಾನ್‌ಸ್ಟನ್ ಅಂಥ ಸೆಂಟರ್ ಹಾಫ್. ಎದುರಾಳಿಯ 9ನೇ ಆಟಗಾರನನ್ನು ಕಾಯುವುದೇ ಅವರಿಗೆ ಒಪ್ಪಿಸಿದ ಕೆಲಸ. ಆ 9ನೆಯವನೇ ತನ್ನ ಜಾಗದಲ್ಲಿಲ್ಲದಿದ್ದರೆ ಏನು ಮಾಡಬೇಕು? ತಂಡದ ಯೋಜನೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಇಂದು ಹೊಸಬರಿಗೆ ಕಲಿಸುವುದು ನಾಲ್ಕೇ ಹೆಸರು: ಗೋಲ್‌ಕೀಪರ್, ಡಿಫೆಂಡರ್, ಮಿಡ್‌ಫೀಲ್ಡರ್, ಫಾರ್ವರ್ಡ್. ಆಟಗಾರನ ಮುಖ್ಯ ಹೊಣೆ ಏನೆಂದು ಇವು ತಿಳಿಸುತ್ತವೆ. ಆತ ಎಲ್ಲೆಲ್ಲಿ ಓಡುತ್ತಾನೆಂಬುದನ್ನು ಆಟ ನೋಡಿಯೇ ತಿಳಿಯಬೇಕು. ಜಾನ್‌ಸ್ಟನ್‌ಗೆ ಈ ಪಾಠ ದುಬಾರಿಯಾಯಿತು: ಇಂಗ್ಲೆಂಡ್ ಪರವಾಗಿ ಅವರು ಆಡಿದ ಕೊನೆಯ ಪಂದ್ಯ ಅದೇ.