ಹಂಚಿನ ಲೆಕ್ಕದಿಂದ ಇ.ಆರ್.ಪಿ. ಪಾಠದವರೆಗೆ

ಮಂಗಳೂರು ಹಂಚಿನ ಹೆಸರು ಯಾರಿಗೆ ತಿಳಿಯದು? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆಯಿತು. ಅದರ ರೂವಾರಿ ಜರ್ಮನಿಯ ಜಾರ್ಜ್ ಪ್ಲೆಬ್‌ಸ್ಟ್. ನದೀತೀರದ ಜೇಡಿಮಣ್ಣು, ಸೌದೆ, ಕೂಲಿ, ಆವಿಗೆ, ಸಾಗಣೆ ಇವೆಲ್ಲವೂ ಕೂಡಿದಾಗಲೇ ಹಂಚು.

ಇಂಥ ಕಾರ್ಖಾನೆಗೆ 10,000 ಹಂಚುಗಳ ಬೇಡಿಕೆ ಬಂದಿತೆಂದು ಭಾವಿಸೋಣ. ಉಗ್ರಾಣದಲ್ಲಿ 6,000 ಇವೆ. ಇನ್ನು 4,000 ಬೇಕು. ಸುಡುವಾಗ ನೂರಕ್ಕೆ 20 ಒಡೆಯುವುದಾದರೆ 5,000 ಹಸಿ ಹಂಚುಗಳನ್ನು ಆವಿಗೆಗೆ ಇಡಬೇಕು. ಅದಕ್ಕೆ ತಕ್ಕಷ್ಟು ಮಣ್ಣು, ಸೌದೆ ಎಂದು ಬರಬೇಕು? ಹಣವೆಷ್ಟು? ಉಗ್ರಾಣದವರ ಪುಸ್ತಕ ಒಂದು ಹೇಳಿ, ಲೆಕ್ಕಿಗರ ಪುಸ್ತಕ ಇನ್ನೊಂದು ಹೇಳಿದರೆ ಕೆಲಸ ಕೆಟ್ಟಿತು.

ಬೇಡಿಕೆಯಿಂದ ಹಿಮ್ಮುಖವಾಗಿ ಸಾಗುವ ಈ ಲೆಕ್ಕವನ್ನು 1964ರಲ್ಲಿ ಅಮೆರಿಕದ ಜೋಸೆಫ್ ಓರ್ಲಿಕಿ ಗಣಕಯಂತ್ರಕ್ಕೆ ಒಗ್ಗಿಸಿದರು. 1972ರಲ್ಲಿ ಐ.ಬಿ.ಎಂ. ಬಿಟ್ಟುಬಂದ ಐವರು ಜರ್ಮನಿಯಲ್ಲಿ ಸ್ಯಾಪ್ ಸಂಸ್ಥೆಯನ್ನು ಕಟ್ಟಿದರು. ಒಂದು ಕಡೆ ಒಮ್ಮೆ ಬರೆದದ್ದು ಎಲ್ಲ ವಿಭಾಗಗಳಿಗೂ ಕಾಣುವಂಥ ವ್ಯವಸ್ಥೆಗೆ 1990ರಲ್ಲಿ ಗಾರ್ಟ್‌ನರ್ ಸಂಸ್ಥೆ ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್, ಅಂದರೆ ಇ.ಆರ್.ಪಿ. ಎಂದು ಹೆಸರಿಟ್ಟಿತು. ಕ್ರಮೇಣ ಮ್ಯಾನೇಜ್‌ಮೆಂಟ್ ಹಾಗೂ ಇಂಜಿನಿಯರಿಂಗ್ ತರಗತಿಗಳಲ್ಲಿ ಇದೊಂದು ಪಾಠವಾಯಿತು.

ಆದರೆ ಕಲಿಸುವುದೇನನ್ನು? ಇಲ್ಲಿಯೇ ತೊಡಕು. ಯಾವ ಪರದೆಯಲ್ಲಿ ಯಾವ ಗುಂಡಿ ಒತ್ತಬೇಕೆಂಬುದನ್ನಷ್ಟೇ ಕಲಿಸಿದರೆ ಪಾಠ ಬೇಗ ಹಳತಾಗುತ್ತದೆ. ಸ್ಯಾಪ್‌ನ ಆರ್/3 ಬಂದದ್ದು 1992ರಲ್ಲಿ. 2015ರಲ್ಲಿ ಎಸ್/4 ಹಾನಾ ಬಂದಾಗ ಪರದೆಗಳೂ ಒಳಗಿನ ಕೋಷ್ಟಕಗಳೂ ಬಹಳಷ್ಟು ಬದಲಾದವು. ಬದಲಾಗದೆ ಉಳಿದದ್ದು ವ್ಯವಹಾರದ ಹಾದಿ: ಬೇಡಿಕೆ, ಖರೀದಿ, ತಯಾರಿಕೆ, ದಾಸ್ತಾನು, ರವಾನೆ, ಹಣ. ಒಂದೆಡೆ ತಪ್ಪು ಅಂಕಿ ಬಿದ್ದರೆ ಅದು ಈ ಹಾದಿಯುದ್ದಕ್ಕೂ ಹರಿಯುತ್ತದೆ. 6,000ದ ಬದಲು 9,000 ಎಂದು ದಾಸ್ತಾನು ಬರೆದರೆ, ಗಣಕಯಂತ್ರ 1,250 ಹಸಿ ಹಂಚುಗಳಷ್ಟೇ ಸಾಕೆನ್ನುತ್ತದೆ. ಗ್ರಾಹಕರಿಗೆ 3,000 ಹಂಚು ಕಡಿಮೆ ಬೀಳುತ್ತದೆ. ಯಂತ್ರದ ಲೆಕ್ಕ ಸರಿ, ಕೊಟ್ಟ ಅಂಕಿ ತಪ್ಪು.

ಈ ವಿವೇಚನೆಯನ್ನು ಕಲಿಯಲು ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. ನಮ್ಮ ಕರಾವಳಿಯಲ್ಲಿ ಗೇರುಬೀಜದ ಕಾರ್ಖಾನೆಗಳಿವೆ, ಮೀನುಗಾರಿಕಾ ಬಂದರಿದೆ, ಸಹಕಾರ ಸಂಘಗಳಿವೆ. ಅನುಮತಿ ಪಡೆದು ಅಲ್ಲಿಗೆ ಹೋಗಿ, ಒಂದೇ ಒಂದು ಬೇಡಿಕೆಯನ್ನು ಮೊದಲಿನಿಂದ ಹಣ ಕೈಸೇರುವವರೆಗೆ ಹಾಳೆಯ ಮೇಲೆ ಗುರುತಿಸಿಕೊಳ್ಳಿ. ಯಾರು, ಯಾವಾಗ, ಯಾವ ಪುಸ್ತಕದಲ್ಲಿ ಬರೆದರೆಂದು ಕೇಳಿ ತಿಳಿಯಿರಿ. ಆ ಹಾಳೆಯೊಂದಿಗೆ ಗಣಕಯಂತ್ರದ ಮುಂದೆ ಕುಳಿತರೆ ಪರದೆಯ ಪ್ರತಿಯೊಂದು ಮನೆಯೂ ಏಕಿದೆಯೆಂದು ನಿಮಗೇ ಹೊಳೆಯುತ್ತದೆ.