ಗಾಜಿನ ಗೋಡೆಯೂ ಹೇಗ್‌ಮನ್ನನ ರಕ್ತವೂ

ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿಸಿದ ರಕ್ತಪರೀಕ್ಷೆಯಲ್ಲಿ ‘ಎಪಿಟಿಟಿ’ ಎಂಬ ಅಂಕಿ ಮಿತಿ ಮೀರಿದೆಯೆಂದು ಗಾಬರಿಗೊಂಡು ನಮ್ಮ ಸಂಘದ ಸದಸ್ಯರು ಆಗೊಮ್ಮೆ ಈಗೊಮ್ಮೆ ನನಗೆ ಕರೆ ಮಾಡುವುದುಂಟು. ತಮ್ಮ ವೈದ್ಯರನ್ನು ಅವರು ಕಾಣಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಅಂಕಿಯ ಹಿಂದೆ ಒಂದು ಸ್ವಾರಸ್ಯಕರ ಚರಿತ್ರೆಯಿದೆ.

1950ರ ದಶಕದ ಆರಂಭದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಆಸ್ಪತ್ರೆಗೆ ಜಾನ್ ಹೇಗ್‌ಮನ್ ಎಂಬ ರೈಲ್ವೆ ಕಾರ್ಮಿಕನು ಶಸ್ತ್ರಚಿಕಿತ್ಸೆಗೆಂದು ಬಂದನು. ಗಾಜಿನ ನಳಿಕೆಯಲ್ಲಿಟ್ಟ ಅವನ ರಕ್ತ ಎಷ್ಟು ಹೊತ್ತಾದರೂ ಹೆಪ್ಪುಗಟ್ಟಲೊಲ್ಲದು. ಆದರೂ ಅವನಿಗೆ ಅತಿಯಾದ ರಕ್ತಸ್ರಾವವಾದದ್ದೇ ಇಲ್ಲ! ಆಸ್ಕರ್ ರಾಟ್ನಾಫ್ ಮತ್ತು ಜೋನ್ ಕೊಲೋಪಿ 1955ರಲ್ಲಿ ಈ ಒಗಟಿನ ಉತ್ತರವನ್ನು ಪ್ರಕಟಿಸಿದರು: ಅವನ ರಕ್ತದಲ್ಲಿ ಒಂದು ಪ್ರೋಟೀನಿನ ಕೊರತೆಯಿತ್ತು. ನಮ್ಮ ಪಠ್ಯಪುಸ್ತಕಗಳು ಅದನ್ನು ‘ಹೇಗ್‌ಮನ್ ಫ್ಯಾಕ್ಟರ್’ ಅಥವಾ ಹನ್ನೆರಡನೆಯ ಫ್ಯಾಕ್ಟರ್ ಎನ್ನುತ್ತವೆ.

ಗಾಜಿನ ಬಹುಪಾಲು ಸಿಲಿಕಾ, ಅಂದರೆ ಮರಳಿನ ಸಾರವೇ. ರಕ್ತದ ದ್ರವದಲ್ಲಿ ಅದರ ಮೇಲ್ಮೈಯು ಋಣ ವಿದ್ಯುದಂಶವನ್ನು ತಳೆಯುತ್ತದೆ. ಹನ್ನೆರಡನೆಯ ಫ್ಯಾಕ್ಟರ್ ಅಲ್ಲಿಗೆ ಅಂಟಿ, ಆಕಾರ ಬದಲಿಸಿ, ಹೆಪ್ಪುಗಟ್ಟುವ ಸರಣಿಗೆ ಚಾಲನೆ ನೀಡುತ್ತದೆ. ಹೇಗ್‌ಮನ್ನನ ರಕ್ತಕ್ಕೆ ಗಾಜಿನ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ನಳಿಕೆಯ ಒಳಮೈಗೆ ಸಿಲಿಕೋನ್ ಎಂಬ ಪಾಲಿಮರನ್ನು ಲೇಪಿಸಿದರೆ ಯಾರ ರಕ್ತವಾದರೂ ತಡವಾಗಿ ಹೆಪ್ಪುಗಟ್ಟುತ್ತದೆಂಬುದು 1940ರ ದಶಕದಲ್ಲಿಯೇ ತಿಳಿದಿತ್ತು. ಲೇಪವು ಪ್ರೋಟೀನುಗಳನ್ನು ಪೂರ್ತಿಯಾಗಿ ದೂರವಿಡದು. ಗಾಜಿನ ಆ ವಿದ್ಯುದಂಶವನ್ನು ಮರೆಮಾಡುತ್ತದೆ, ಅಷ್ಟೇ.

ಇದೇ ಸಿಲಿಕಾ ಸೂಕ್ಷ್ಮ ಕಣಗಳಾದಾಗ ಅದರ ಮೇಲ್ಮೈ ಅಗಾಧವಾಗುತ್ತದೆ. 20 ನ್ಯಾನೋಮೀಟರ್ ವ್ಯಾಸದ ಕಣಗಳ ಒಂದೇ ಗ್ರಾಮಿನಲ್ಲಿ 100 ಚದರ ಮೀಟರಿಗೂ ಮಿಗಿಲಾದ ಮೇಲ್ಮೈ ಅಡಗಿದೆ. ಬರಿಯ ಸಿಲಿಕಾ ಕಣಗಳು ಕೆಂಪು ರಕ್ತಕಣಗಳ ಪೊರೆಯನ್ನೇ ಒಡೆಯಬಲ್ಲವು. ಸ್ವೀಡನ್ನಿನ ಉಪ್ಸಾಲಾದಲ್ಲಿ ಪೆರ್ಟಾಫ್ಟ್, ಲಾರೆಂಟ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಆ ಕಣಗಳಿಗೆ ಪಾಲಿವಿನೈಲ್‌ಪೈರೋಲಿಡೋನ್ ಎಂಬ ಪಾಲಿಮರಿನ ಹೊದಿಕೆ ತೊಡಿಸಿದರು (ಹೆಸರು ಉಚ್ಚರಿಸುವಷ್ಟು ಕಷ್ಟ ತೊಡಿಸುವುದಕ್ಕಿರಲಾರದು!). ನೀರನ್ನು ಹಿಡಿದಿಟ್ಟುಕೊಳ್ಳುವ ಆ ಸರಪಳಿಗಳನ್ನು ದಾಟಿ ಪ್ರೋಟೀನಾಗಲಿ ಜೀವಕೋಶವಾಗಲಿ ಸಿಲಿಕಾವನ್ನು ಮುಟ್ಟುವುದು ಸುಲಭವಲ್ಲ. ‘ಪರ್ಕಾಲ್’ ಎಂಬ ಈ ದ್ರವದಲ್ಲಿ ಜೀವಂತ ಕೋಶಗಳನ್ನು ಸಾಂದ್ರತೆಗೆ ತಕ್ಕಂತೆ ಬೇರ್ಪಡಿಸುವುದು ಸಾಧ್ಯವಾಯಿತು. ಪ್ರನಾಳ ಶಿಶು ಚಿಕಿತ್ಸೆಯಲ್ಲಿಯೂ ವೀರ್ಯಾಣುಗಳನ್ನು ಆಯ್ದುಕೊಳ್ಳಲು ಕೆಲವು ಕಾಲ ಅದು ಬಳಕೆಯಲ್ಲಿತ್ತು.

ಎಪಿಟಿಟಿ ಪರೀಕ್ಷೆಗೆ ಬೇಕಾದದ್ದು ಇದರ ತದ್ವಿರುದ್ಧ. ಹಲವು ಪ್ರಯೋಗಾಲಯಗಳಲ್ಲಿ ಲೇಪವಿಲ್ಲದ ಸಿಲಿಕಾ ಪುಡಿಯನ್ನೇ ಬೆರೆಸಿ, ಹನ್ನೆರಡನೆಯ ಫ್ಯಾಕ್ಟರನ್ನು ಬೇಕೆಂದೇ ಕೆರಳಿಸಿ, ಹೆಪ್ಪುಗಟ್ಟುವ ಹೊತ್ತನ್ನು ಅಳೆಯುತ್ತಾರೆ.

ಹೇಗ್‌ಮನ್ 1968ರಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡನು. ಅನಂತರ ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಅಡ್ಡಬಂದು ತೀರಿಕೊಂಡನು. ಗಾಜಿನಲ್ಲಿ ಹೆಪ್ಪುಗಟ್ಟದ ಅದೇ ರಕ್ತ.