ಕೋಟೆಯೊಳಗಿನ ‘ಹಳೆ ವಿಧಾನ ಸಭಾಂಗಣ’

ಮಡಿಕೇರಿಯ ಸಭೆ-ಸಮಾರಂಭಗಳ ಸುದ್ದಿ ಓದುವವರಿಗೆ ಒಂದು ವಿಳಾಸ ಆಗಾಗ ಎದುರಾಗುತ್ತದೆ: ‘ಕೋಟೆ ಹಳೆ ವಿಧಾನ ಸಭಾಂಗಣ’. ಅಲ್ಲಿ ಅಧಿಕಾರಿಗಳ ಸಭೆ, ತರಬೇತಿ, ಯಾವುದೋ ಜಯಂತಿ. ಓದಿ ಮುಂದೆ ಹೋಗುವವರೇ ಹೆಚ್ಚು. ವಿಧಾನಸಭೆ ಇರುವುದು ಬೆಂಗಳೂರಿನಲ್ಲಿ ಅಲ್ಲವೇ? ಮಡಿಕೇರಿಯಲ್ಲಿ ‘ಹಳೆ’ ವಿಧಾನ ಸಭಾಂಗಣ ಎಲ್ಲಿಂದ ಬಂತು?

ಅದಕ್ಕೆ ಕಾರಣ, ಕೊಡಗು ಒಂದು ಕಾಲಕ್ಕೆ ತಾನೇ ಒಂದು ರಾಜ್ಯವಾಗಿತ್ತು. ಮೂಡಿಗೆರೆಯಿಂದ ಸಕಲೇಶಪುರ ದಾಟಿ ಸೋಮವಾರಪೇಟೆ ಕಡೆ ಹೋದರೆ ನಮಗೆ ಬೇರೆ ಊರಿಗೆ ಬಂದೆವು ಅಂತ ಅನಿಸುವುದಿಲ್ಲ. ಅದೇ ಕಾಫಿ, ಅದೇ ಮೆಣಸಿನ ಬಳ್ಳಿ, ಅದೇ ಬಿಡದ ಮಳೆ. ಆದರೆ 1956ರ ನವೆಂಬರ್ 1ರ ತನಕ ಈ ದಾರಿಯ ನಡುವೆ ರಾಜ್ಯದ ಗಡಿ ಇತ್ತು. ಈಚೆ ಮೈಸೂರು, ಆಚೆ ಕೂರ್ಗ್.

ಸಭಾಂಗಣ ಇರುವ ಕೋಟೆಯ ಕಥೆ ಇನ್ನೂ ಹಿಂದಿನದು. 1681ರಲ್ಲಿ ಮುದ್ದುರಾಜ ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡ. ಆಗ ಇದ್ದದ್ದು ಮಣ್ಣಿನ ಕೋಟೆ. ಮುಂದೆ ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. ಈಗ ನಾವು ನೋಡುವ ಅರಮನೆ ಲಿಂಗರಾಜೇಂದ್ರನದು, 1812ರಿಂದ 1814ರ ನಡುವೆ ಕಟ್ಟಿದ್ದು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ತೆಗೆದುಕೊಂಡರು. ಅರಮನೆಯಲ್ಲಿ ಕಚೇರಿಗಳು ಬಂದವು. ಆವರಣದಲ್ಲಿ 1855ರಲ್ಲಿ ಚರ್ಚ್ ಕಟ್ಟಿದರು, ಅದೇ ಈಗಿನ ಮ್ಯೂಸಿಯಂ. 1933ರಲ್ಲಿ ಗಡಿಯಾರದ ಗೋಪುರ ಸೇರಿತು, ಜೊತೆಗೆ ಕಮಿಷನರ್ ಸಾಹೇಬರ ಕಾರು ನಿಲ್ಲಿಸಲು ಒಂದು ಪೋರ್ಟಿಕೊ. ರಾಜ ಇದ್ದಾಗಲೂ, ಸಾಹೇಬ ಇದ್ದಾಗಲೂ ಜನ ಇಲ್ಲಿಗೆ ಬರುತ್ತಿದ್ದದ್ದು ಅರ್ಜಿ ಹಿಡಿದುಕೊಂಡೇ.

ಅರ್ಜಿ ಹಿಡಿದು ನಿಲ್ಲುವವರಿಗೆ ಕೂರಲು ಕುರ್ಚಿ ಸಿಕ್ಕಿದ್ದು 1924ರಲ್ಲಿ. ಆ ವರ್ಷದ ಜನವರಿ 28ಕ್ಕೆ ಕೂರ್ಗ್ ಲೆಜಿಸ್ಲೇಟಿವ್ ಕೌನ್ಸಿಲ್ ಮೊದಲ ಸಲ ಸೇರಿತು. 20 ಸದಸ್ಯರು, ಅವರಲ್ಲಿ 15 ಮಂದಿ ಚುನಾಯಿತರು. ಚುನಾಯಿತರು ಅಂದಕೂಡಲೇ ಈಗಿನ ಹಾಗೆ ಅಂದುಕೊಳ್ಳಬೇಡಿ. ಓಟು ಇದ್ದದ್ದು ಆಸ್ತಿ, ಕಂದಾಯ ಇದ್ದವರಿಗೆ. ತೋಟದ ಮಾಲೀಕನಿಗೆ ಉಂಟು, ಲೈನ್ ಮನೆಯಲ್ಲಿದ್ದ ಕೂಲಿಯವನಿಗೆ ಇಲ್ಲ. ಕೊನೆಯ ಮಾತೂ ಚೀಫ್ ಕಮಿಷನರ್‌ದೇ. ನಮ್ಮ ಕಡೆಯೂ ಕಥೆ ಹೆಚ್ಚು ಬೇರೆ ಇರಲಿಲ್ಲ. ಆಗಿನ ಕಡೂರು ಜಿಲ್ಲೆಯ ಪ್ರತಿನಿಧಿಗಳು 1881ರಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ದಸರೆ ಹೊತ್ತಿಗೆ ಹೋಗುತ್ತಿದ್ದರು. ಅವರೂ ಜಮೀನು, ಹಣ ಇದ್ದವರೇ.

1952ರ ಚುನಾವಣೆ ಇದನ್ನೆಲ್ಲ ತಲೆಕೆಳಗು ಮಾಡಿತು. 21 ತುಂಬಿದ ಎಲ್ಲರಿಗೂ ಓಟು. ತೋಟದ ಒಡೆಯನಿಗೆ ಒಂದು, ಅವನ ತೋಟದಲ್ಲಿ ಕಾಫಿ ಕೊಯ್ಯುವವಳಿಗೂ ಒಂದು. 24 ಸದಸ್ಯರ ಕೂರ್ಗ್ ವಿಧಾನಸಭೆಯಲ್ಲಿ ಕಾಂಗ್ರೆಸ್ 15, ಪಕ್ಷೇತರರು 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಕೆ. ಮಲ್ಲಪ್ಪ ಇನ್ನೊಬ್ಬ ಮಂತ್ರಿ. ಸಂಪುಟ ಅಷ್ಟೇ, ಇಬ್ಬರು! ಈಗ ನಿಗಮ-ಮಂಡಳಿ ಹಂಚುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ.

ಪೂಣಚ್ಚನವರ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅವರು ಆಮೇಲೆ ಕೇಂದ್ರದಲ್ಲಿ ರೈಲ್ವೆ ಮಂತ್ರಿಯೂ ಆದರು. ಕೊಡಗಿಗೆ ಮಾತ್ರ ರೈಲು ಇನ್ನೂ ಬಂದಿಲ್ಲ. ನಾವು ನಗಬೇಕಾಗಿಲ್ಲ, ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. 1951ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಸುಮಾರು 2.29 ಲಕ್ಷ. ಅದಕ್ಕೆ 24 ಶಾಸಕರು. ಅಂದರೆ ಸುಮಾರು 9,500 ಜನಕ್ಕೆ ಒಬ್ಬರು. ವಿರಾಜಪೇಟೆಯಿಂದ ಮಡಿಕೇರಿಗೆ ಸುಮಾರು 30 ಕಿ.ಮೀ., ಸೋಮವಾರಪೇಟೆಯಿಂದ ಸುಮಾರು 40. ಸೇತುವೆ ಕೊಚ್ಚಿಹೋಗಿದೆ ಎಂದು ಹೇಳಲು ಬೆಳಿಗ್ಗೆ ಹೊರಟವನು ಸಂಜೆಗೆ ಮನೆ ಸೇರಬಹುದಾದ ದೂರ.

2011ರ ಗಣತಿಯಲ್ಲಿ ಕೊಡಗಿನಲ್ಲಿ 5.54 ಲಕ್ಷ ಜನ. ಶಾಸಕರು ಇಬ್ಬರು. ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ 11.37 ಲಕ್ಷ ಜನ, ಶಾಸಕರು ಐವರು. ಭಾಗಿಸಿ ನೋಡಿ, ಒಬ್ಬರಿಗೆ ಸುಮಾರು 2.27 ಲಕ್ಷ ಜನ ಬರುತ್ತಾರೆ. ಅಂದು ಒಂದಿಡೀ ರಾಜ್ಯದಲ್ಲಿ ಇದ್ದಷ್ಟು ಜನಕ್ಕೆ ಇಂದು ನಮ್ಮಲ್ಲಿ ಒಬ್ಬ ಶಾಸಕ! ಕಳಸದವರು ತಮ್ಮ ಮಾತು ವಿಧಾನಸೌಧಕ್ಕೆ ಮುಟ್ಟಿಸಬೇಕಾದರೆ 300 ಕಿ.ಮೀ.ಗೂ ಹೆಚ್ಚು ಹೋಗಬೇಕು. ತಾಲ್ಲೂಕು ಕಚೇರಿಯ ಒಂದು ಸಹಿಗೂ ಕೊಟ್ಟಿಗೆಹಾರದ ಮೇಲೆ ಮೂಡಿಗೆರೆಗೆ ಹೋಗಿಬರುವ ಕಷ್ಟ ಈಚಿನವರೆಗೂ ಇತ್ತು.

ಹಾಗಂತ ಆ ಪುಟ್ಟ ರಾಜ್ಯ ಸ್ವರ್ಗವಾಗಿತ್ತು ಅಂತ ನಾನು ಹೇಳುವುದಿಲ್ಲ. ಅದು ‘ಸಿ’ ದರ್ಜೆಯ ರಾಜ್ಯ. ವಿಧಾನಸಭೆ ಬಂದ ಮೇಲೂ ಚೀಫ್ ಕಮಿಷನರ್ ಹುದ್ದೆ ಹೋಗಲಿಲ್ಲ, ಮೇಲೆ ದೆಹಲಿಯ ಹಿಡಿತವೂ ಇತ್ತು. ಎರಡೂಕಾಲು ಲಕ್ಷ ಜನರ ಕಂದಾಯದಲ್ಲಿ ದೊಡ್ಡ ಆಸ್ಪತ್ರೆ, ಕಾಲೇಜು, ರಸ್ತೆ ಎಲ್ಲ ಆಗುವುದು ಸುಲಭವಲ್ಲ. ವಿಲೀನ ಬೇಕು, ಬೇಡ ಎಂದು ಕೊಡಗಿನೊಳಗೇ ಜೋರಾಗಿ ವಾದ ನಡೆದಿತ್ತು. ಆ ವಾದ ಇವತ್ತಿಗೂ ಪೂರ್ತಿ ಆರಿಲ್ಲ. ಕನ್ನಡ ಮಾತಾಡುವ ಸೀಮೆಗಳು ಒಂದಾದದ್ದು ಒಳ್ಳೆಯದೇ ಆಯಿತು ಎಂಬುದು ನನ್ನ ಅನಿಸಿಕೆ. ಆದರೆ ಒಂದಾಗುವಾಗ ಹತ್ತಿರದಲ್ಲಿದ್ದ ಬಾಗಿಲು ದೂರ ಹೋಯಿತು. ಅದಕ್ಕೆ ಬದಲಿ ಏನು ಕೊಟ್ಟರು ಎಂದು ಕೇಳುವ ಹಕ್ಕು ಕೊಡಗಿನವರಿಗೂ ಇದೆ, ನಮಗೂ ಇದೆ.

1956ರ ನಂತರ ಸಭೆ ಹೋಯಿತು, ಸಭಾಂಗಣ ಉಳಿಯಿತು. ಅರಮನೆ ದಶಕಗಳ ಕಾಲ ಜಿಲ್ಲಾಧಿಕಾರಿ ಕಚೇರಿಯಾಗಿತ್ತು. ಆ ಮಳೆಗೆ ಮಾಡು ಸೋರಿತು, ದುರಸ್ತಿಯ ವಿಷಯ ಹೈಕೋರ್ಟ್‌ವರೆಗೂ ಹೋಯಿತು. ಆವರಣದ ಎರಡು ಗಾರೆಯ ಆನೆಗಳ ಎದುರು ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರೆ. ಸಭಾಂಗಣ ಎಲ್ಲಿ ಎಂದು ಕೇಳುವವರು ಕಡಿಮೆ.

ಹತ್ತಿರದ ಬಾಗಿಲಿಗೆ ಬದಲಿಯಾಗಿ ಬಂದದ್ದು ಜಿಲ್ಲಾ ಪರಿಷತ್ತು. 1987ರಲ್ಲಿ ಮೊದಲ ಚುನಾವಣೆ ನಡೆಯಿತು, ಮುಂದೆ ಅದೇ ಜಿಲ್ಲಾ ಪಂಚಾಯಿತಿ ಆಯಿತು. ಕೊಡಗು ಜಿಲ್ಲಾ ಪಂಚಾಯಿತಿಯ ಸಭೆಗಳು ಇದೇ ಹಳೆ ವಿಧಾನ ಸಭಾಂಗಣದಲ್ಲಿ ನಡೆದಿವೆ. 2016ರಲ್ಲಿ ಗೆದ್ದ ಸದಸ್ಯರು 29 ಮಂದಿ, ಹಳೆಯ ಶಾಸಕರಿಗಿಂತ ಐದು ಜಾಸ್ತಿ. ಕುಡಿಯುವ ನೀರು, ಶಾಲೆಯ ಹೆಂಚು, ಕಾಡಾನೆ ಕಾಟ ಎಂದು ಜಗಳ ಮಾಡಲು ಜನರಿಗೆ ಮತ್ತೆ ತಮ್ಮದೇ ಆದ ಒಂದು ಜಾಗ ಸಿಕ್ಕಿತ್ತು.

ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕೊಡಗಿನಲ್ಲಿ ಮಾತ್ರ ಅಲ್ಲ, ಚಿಕ್ಕಮಗಳೂರಿನಲ್ಲೂ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತಾ ಚುನಾವಣೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿ ಬಂದರು. ಜನ ಮತ್ತೆ ಅರ್ಜಿ ಹಿಡಿದು ಕಚೇರಿ ಮುಂದೆ ನಿಂತರು.